ಕಾಸರಗೋಡು ಎಲ್ಲಿದೆ? ಒಂದು ಜಾಗ ಊರಾಗುವ ಬಗೆ

ಮೊಬೈಲಿನ ಮ್ಯಾಪ್ ತೆರೆದು ಕಾಸರಗೋಡು ಅಂತ ಹುಡುಕಿದರೆ ಉತ್ತರ ಒಂದೇ. ಉತ್ತರ ಅಕ್ಷಾಂಶ 12.5 ಡಿಗ್ರಿ, ಪೂರ್ವ ರೇಖಾಂಶ 75 ಡಿಗ್ರಿಯ ಹತ್ತಿರ, ಅರಬ್ಬೀ ಸಮುದ್ರದ ದಂಡೆ. ಇದರ ಬಗ್ಗೆ ಯಾರ ತಕರಾರೂ ಇಲ್ಲ. ಅದೇ ಪ್ರಶ್ನೆಯನ್ನು ಮನುಷ್ಯರ ಹತ್ತಿರ ಕೇಳಿ ನೋಡಿ. ತಿರುವನಂತಪುರದ ಅಧಿಕಾರಿಗೆ ಅದು ಐನೂರು ಕಿಲೋಮೀಟರಿಗೂ ಆಚೆ ಇರುವ ರಾಜ್ಯದ ತುತ್ತತುದಿ. ಮಂಗಳೂರಿನವರಿಗೆ ಐವತ್ತು ಕಿಲೋಮೀಟರ್ ದೂರದ ಪಕ್ಕದ ಪೇಟೆ. ರಾಜ್ಯೋತ್ಸವದ ಭಾಷಣಕಾರರಿಗೆ ಕೈತಪ್ಪಿ ಹೋದ ನೆಲ. ದುಬೈಯಲ್ಲಿ ಅಂಗಡಿ ಇಟ್ಟವನಿಗೆ ರಜೆ ಸಿಕ್ಕಾಗ ಬಂದು ಹೋಗುವ ಮನೆ.

ಇಲ್ಲೇ ಹುಟ್ಟಿ ಬೆಳೆದ ನಮ್ಮನ್ನು ಕೇಳಿದರಂತೂ ಉತ್ತರ ಚೂರುಚೂರಾಗಿ ಬರುತ್ತದೆ. ನಮ್ಮ ಕಡೆ ಹೊಸಬರ ಪರಿಚಯವಾದರೆ ಮೊದಲ ಮಾತೇ "ನಿಮಗೆ ಎಲ್ಲಾಯ್ತು?" ಅಂತ. ಅದಕ್ಕೆ "ಕಾಸರಗೋಡು" ಅಂದರೆ ಯಾರೂ ಒಪ್ಪುವುದಿಲ್ಲ. "ಬದಿಯಡ್ಕದ ಹತ್ತಿರ" ಅನ್ನಬೇಕು. "ಹತ್ತಿರ ಅಂದ್ರೆ ಎಲ್ಲಿ?" ಅಂತ ಮತ್ತೆ ಕೇಳುತ್ತಾರೆ. ಊರಿನ ಹೆಸರು, ಆಮೇಲೆ ಬೈಲಿನ ಹೆಸರು, ಆಮೇಲೆ ಮನೆಯ ಹೆಸರು. ಕೊನೆಗೆ ಇಬ್ಬರಿಗೂ ಗೊತ್ತಿರುವ ಒಬ್ಬ ಮಾವನೋ ಭಾವನೋ ಸಿಕ್ಕಿದ ಮೇಲೇ ಆ ಪ್ರಶ್ನೆ ಮುಗಿಯುವುದು.

ಒಂದೇ ನೆಲಕ್ಕೆ ಇಷ್ಟು ಉತ್ತರ ಯಾಕೆ? ಇದರಲ್ಲಿ ಯಾವುದೂ ಸುಳ್ಳಲ್ಲ. ಮಾನವ ಭೂಗೋಳ ಅನ್ನುವ ವಿದ್ಯೆ ಸುಮಾರು ಐವತ್ತು ವರ್ಷದಿಂದ ತಲೆ ಕೆಡಿಸಿಕೊಂಡಿರುವುದು ಇಂಥ ಪ್ರಶ್ನೆಗಳ ಬಗ್ಗೆಯೇ. ಅವರು ಹೇಳುವುದನ್ನು ಲಂಡನ್ನಿನ ಉದಾಹರಣೆ ಕೊಟ್ಟು ವಿವರಿಸುವುದು ರೂಢಿ. ನನ್ನ ಪ್ರಕಾರ ಕಾಸರಗೋಡು ಅದಕ್ಕಿಂತ ಒಳ್ಳೆಯ ಉದಾಹರಣೆ.

ಬೋಳುಗುಡ್ಡೆ ಮತ್ತು ಸುರಂಗ

1950, 60ರ ದಶಕಗಳಲ್ಲಿ ಭೂಗೋಳ ಶಾಸ್ತ್ರಜ್ಞರಿಗೆ ಲೆಕ್ಕದ ಹುಚ್ಚು ಹಿಡಿದಿತ್ತು. ಊರು ಅಂದರೆ ನಕ್ಷೆಯ ಮೇಲಿನ ಚುಕ್ಕೆ, ಎರಡು ಚುಕ್ಕೆಯ ನಡುವೆ ದೂರ, ದೂರಕ್ಕೆ ಒಂದು ಸೂತ್ರ. ಇದರಲ್ಲಿ ಮನುಷ್ಯ ಎಲ್ಲಿ ಹೋದ ಅಂತ ಕೇಳಿದವರಲ್ಲಿ ಮುಖ್ಯರು ಯೀ-ಫು ತುವಾನ್. 1930ರಲ್ಲಿ ಚೀನಾದಲ್ಲಿ ಹುಟ್ಟಿ, ಅಮೆರಿಕದಲ್ಲಿ ಪಾಠ ಹೇಳಿ, 2022ರಲ್ಲಿ ತೀರಿಕೊಂಡವರು. 1970ರ ದಶಕದಲ್ಲಿ ಅವರು ಹೇಳಿದ ಮಾತು ಸರಳವಾದದ್ದು. ನಾವು ಓಡಾಡಲು ಇರುವ ಬಯಲು ಬೇರೆ, ನಾವು ನಿಂತು ನೆಲೆಯಾದ ಊರು ಬೇರೆ. ಬಯಲಿಗೆ ಅಳತೆ ಸಾಕು. ಊರಾಗಬೇಕಾದರೆ ಅಲ್ಲಿ ಯಾರಾದರೂ ನಿಲ್ಲಬೇಕು, ಮೈಕೈ ಸವೆಸಬೇಕು, ಕಾಲ ಕಳೆಯಬೇಕು.

ಇದನ್ನು ಕಣ್ಣಾರೆ ನೋಡಬೇಕಾದರೆ ಪೆರ್ಲದಿಂದ ವಿಟ್ಲ ಕಡೆ ಹೋಗುವ ದಾರಿ ಹಿಡಿಯಿರಿ. ಗಡಿ ದಾಟಿದರೆ ಅಡ್ಯನಡ್ಕ. ಅಲ್ಲಿ ಅಮೈ ಅನ್ನುವಲ್ಲಿ ಮಹಾಲಿಂಗ ನಾಯ್ಕರ ತೋಟ ಇದೆ. ಅಡಿಕೆ, ತೆಂಗಿನ ಮರ ಹತ್ತುವ ಕೂಲಿ ಕೆಲಸ ಮಾಡುತ್ತಿದ್ದವರು. ಅವರಿಗೆ ಸಿಕ್ಕಿದ ಜಾಗ ಗುಡ್ಡದ ಇಳಿಜಾರು, ಬರೀ ಮುರಕಲ್ಲು (ಜಂಬಿಟ್ಟಿಗೆ), ಒಂದು ತೊಟ್ಟು ನೀರಿಲ್ಲ. ದಿನದ ಕೂಲಿ ಮುಗಿಸಿ ಬಂದು ಒಬ್ಬರೇ ಗುಡ್ಡದೊಳಗೆ ಸುರಂಗ ಕೊರೆದರು. ಮೊದಮೊದಲು ಕೊರೆದ ಸುರಂಗಗಳಲ್ಲಿ ನೀರು ಬರಲಿಲ್ಲ. ಊರವರು ನಕ್ಕರು. ಅವರು ಬಿಡಲಿಲ್ಲ. ಕೊನೆಗೂ ನೀರು ಬಂತು, ತೋಟ ಎದ್ದಿತು, 2022ರಲ್ಲಿ ಪದ್ಮಶ್ರೀಯೂ ಬಂತು.

ಸುರಂಗ ಅಂದರೆ ಏನು ಅಂತ ಘಟ್ಟದ ಮೇಲಿನವರಿಗೆ ಹೇಳಲೇಬೇಕು. ಬಾವಿಯನ್ನು ಕೆಳಕ್ಕೆ ತೋಡುವ ಬದಲು ಗುಡ್ಡದ ಹೊಟ್ಟೆಯೊಳಗೆ ಅಡ್ಡಕ್ಕೆ ತೋಡುವುದು. ಒಬ್ಬ ಮನುಷ್ಯ ತಲೆ ತಗ್ಗಿಸಿ ನಡೆಯುವಷ್ಟು ಎತ್ತರ, ಭುಜ ತಾಗುವಷ್ಟು ಅಗಲ. ಪಿಕ್ಕಾಸು ಬೀಸಲು ಪೂರ್ತಿ ಕೈಯೆತ್ತುವ ಹಾಗಿಲ್ಲ. ಒಬ್ಬ ಕಡಿಯುತ್ತಾನೆ, ಇನ್ನೊಬ್ಬ ಬುಟ್ಟಿಯಲ್ಲಿ ಮಣ್ಣು ಹೊರಗೆ ಸಾಗಿಸುತ್ತಾನೆ. ಒಳಗೆ ಮೊಂಬತ್ತಿ ಉರಿಯುತ್ತಿರಬೇಕು. ಅದು ಆರಿತು ಅಂದರೆ ಗಾಳಿ ಸಾಲದು ಅಂತ ಅರ್ಥ, ಸುಮ್ನೆ ಹೊರಗೆ ಬರಬೇಕು. ಉದ್ದದ ಲೆಕ್ಕ ಮೀಟರಿನಲ್ಲಿ ಅಲ್ಲ, ಕೋಲಿನಲ್ಲಿ. ಮುರಕಲ್ಲಿನ ಸಂದಿನಿಂದ ಒಸರುವ ನೀರು ತಾನಾಗಿ ಹೊರಗೆ ಹರಿಯುವಂತೆ ನೆಲವನ್ನು ಒಂಚೂರು ಇಳಿಜಾರು ಬಿಟ್ಟಿರುತ್ತಾರೆ. ಹಿಂದೆ ಅಡಿಕೆ ಮರದ ದಂಬೆ ಇಟ್ಟು ಅಂಗಳಕ್ಕೆ ನೀರು ತರುತ್ತಿದ್ದರು, ಈಗ ಪೈಪು. ಪಂಪೂ ಇಲ್ಲ, ಕರೆಂಟೂ ಇಲ್ಲ. ಬಾಯಾರು, ಪಡ್ರೆ, ಎಣ್ಮಕಜೆ ಕಡೆ ಕೆಲವು ಮನೆಗಳಿಗೆ ಎರಡು ಮೂರು ಸುರಂಗ ಇರುವುದೂ ಉಂಟು.

ಈಗ ಈ ಗುಡ್ಡದ ಮೇಲೆ ಇನ್ನೊಬ್ಬರ ಲೆಕ್ಕ ಇಟ್ಟು ನೋಡೋಣ. 1987ರಲ್ಲಿ ಜಾನ್ ಆಗ್ನ್ಯೂ ಅನ್ನುವ ಭೂಗೋಳ ಪಂಡಿತರು ಒಂದು ಊರಿನ ಬಗ್ಗೆ ಮಾತಾಡುವಾಗ ಮೂರು ಸಂಗತಿ ಬೇರೆ ಮಾಡಿಕೊಳ್ಳಿ ಅಂದರು. ಅದು ಎಲ್ಲಿದೆ ಅನ್ನುವುದು ಒಂದು. ಅಲ್ಲಿ ಜನ ಬದುಕುವ ಏರ್ಪಾಡು ಏನು, ಅಂದರೆ ಮನೆ, ದಾರಿ, ನೀರು, ಅಂಗಡಿ, ಅನ್ನುವುದು ಇನ್ನೊಂದು. ಅಲ್ಲಿನವರಿಗೆ ಅದು ಏನನ್ನಿಸುತ್ತದೆ ಅನ್ನುವುದು ಮೂರನೆಯದು. ನಾಯ್ಕರ ಜಾಗದ ಅಕ್ಷಾಂಶ ರೇಖಾಂಶ ಆಗಲೂ ಅದೇ, ಈಗಲೂ ಅದೇ. ಬದಲಾದದ್ದು ಉಳಿದ ಎರಡು. ಅವು ಬದಲಾಗಿದ್ದಕ್ಕೇ ಬರೀ ಸರ್ವೆ ನಂಬರ್ ಆಗಿದ್ದ ಜಾಗಕ್ಕೆ ಜನ ಹುಡುಕಿಕೊಂಡು ಬರುವ ಹಾಗಾಯಿತು.

ಹೆಸರಿನ ಮುಂದಿನ ಊರು

ನಮ್ಮ ಕಡೆ ಊರು ಮನುಷ್ಯನ ಹೆಸರಿಗೇ ಅಂಟಿಕೊಂಡಿರುತ್ತದೆ. ರಾಷ್ಟ್ರಕವಿ ಎಂ. ಗೋವಿಂದ ಪೈಗಳ ಆ "ಎಂ." ಅಂದರೆ ಮಂಜೇಶ್ವರ. ಕಯ್ಯಾರ ಕಿಞ್ಞಣ್ಣ ರೈಗಳ ಕಯ್ಯಾರ ಒಂದು ಊರು. ನೀರು, ಕೃಷಿ ಅಂತ ಬರೆಯುವ ಶ್ರೀ ಪಡ್ರೆಯವರ ಪಡ್ರೆಯೂ ಊರೇ. ತಾಳಮದ್ದಳೆ ಕೇಳುವವರಿಗೆ "ಶೇಣಿಯವರು" ಅಂದರೆ ಸಾಕು, ಗೋಪಾಲಕೃಷ್ಣ ಭಟ್ಟರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆ ಹೆಸರೂ ಒಂದು ಹಳ್ಳಿಯದ್ದು.

ಕೆನಡಾದ ಎಡ್ವರ್ಡ್ ರೆಲ್ಫ್ 1976ರಲ್ಲಿ ಒಳಗಿನವರು, ಹೊರಗಿನವರು ಅನ್ನುವ ಭೇದವನ್ನು ಬಹಳ ಚೆನ್ನಾಗಿ ಬಿಡಿಸಿಟ್ಟರು. ಪೂರ್ತಿ ಒಳಗಿನವನಿಗೆ ತನ್ನ ಊರಿನ ಬಗ್ಗೆ ಯೋಚನೆಯೇ ಬರುವುದಿಲ್ಲ. ಬೇಕಲ ಕೋಟೆಗೆ ಬರುವ ಪ್ರವಾಸಿ ಕೆಳದಿ ನಾಯಕರ ಕಾಲದ ಬುರುಜನ್ನೂ ಸಮುದ್ರವನ್ನೂ ನೋಡಿ ಫೋಟೋ ತೆಗೆಯುತ್ತಾನೆ. ಪಳ್ಳಿಕ್ಕೆರೆಯಲ್ಲಿ ಹುಟ್ಟಿದವನಿಗೆ ಅದು ದಾರಿಯ ಒಂದು ತಿರುವು, ಅಷ್ಟೆ. ಊರು ಕಾಣಿಸಲು ಶುರುವಾಗುವುದು ಅದನ್ನು ಬಿಟ್ಟು ಹೋದಾಗ, ಇಲ್ಲಾ ಅದು ಕೈಜಾರುತ್ತದೆ ಅನ್ನಿಸಿದಾಗ. ಕಾಸರಗೋಡಿನ ಕನ್ನಡಿಗರು ಊರಿನ ಬಗ್ಗೆ ಇಷ್ಟು ಮಾತಾಡುವುದು, ಇಷ್ಟು ಬರೆಯುವುದು ಸುಮ್ಮನೆ ಅಲ್ಲ. ತುಮಕೂರಿನವರಿಗೆ ತಾನು ತುಮಕೂರಿನವನು ಅಂತ ಸಾಬೀತು ಮಾಡುವ ಅಗತ್ಯ ಯಾವತ್ತೂ ಬಿದ್ದಿಲ್ಲ ಅಲ್ವಾ.

ಆದರೆ ಈ ಹೆಸರಿನ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಎಲ್ಲರೂ ಗಂಡಸರು. ನಮ್ಮ ಹವ್ಯಕರ ಮನೆಗಳಲ್ಲಿ ಹೆಣ್ಣಿನ ಊರು ಮದುವೆಯ ದಿನ ಬದಲಾಗುತ್ತದೆ. ಹುಟ್ಟಿದ್ದು ತವರು, ಸೇರಿದ್ದು ಗಂಡನ ಮನೆ, ಹೆಸರಿನ ಮುಂದೆ ಎರಡೂ ಇಲ್ಲ. ಅದೇ ಪಕ್ಕದ ಬಂಟರ ಮನೆಯಲ್ಲಿ ಅಳಿಯಕಟ್ಟು, ತರವಾಡು ಅಂದರೆ ಕುಟುಂಬದ ಮೂಲಮನೆ ತಾಯಿಯ ಕಡೆಯಿಂದ ಬರುತ್ತದೆ. ಅಲ್ಲಿ ಹೆಣ್ಣಿಗೆ ತರವಾಡು ಮನೆ ಕೊನೆಯವರೆಗೂ ತನ್ನದು. ಒಂದೇ ಬೈಲು, ಒಂದೇ ತೋಡಿನ ನೀರು, ಊರಿನ ಲೆಕ್ಕ ಮಾತ್ರ ಬೇರೆ ಬೇರೆ. ಊರು, ಮನೆ ಅಂದರೆ ಎಲ್ಲರಿಗೂ ಬೆಚ್ಚಗಿನ ನೆನಪು ಅಂತ ತುವಾನ್ ತಲೆಮಾರಿನವರು ಧಾರಾಳವಾಗಿ ಬರೆದುಬಿಟ್ಟರು. ಮನೆ ಅಂದರೆ ಕೆಲವರಿಗೆ ದುಡಿಮೆ, ಕೆಲವರಿಗೆ ಹೆದರಿಕೆಯೂ ಇರಬಹುದು ಅಂತ 1993ರಲ್ಲಿ ಗಿಲಿಯನ್ ರೋಸ್ ಅವರನ್ನು ತರಾಟೆಗೆ ತೆಗೆದುಕೊಂಡದ್ದು ಇದೇ ಕಾರಣಕ್ಕೆ. ಇನ್ನು ಕೊರಗ ಬುಡಕಟ್ಟಿನವರ ಕೇರಿ, ಅಂದರೆ ಕೊಪ್ಪ, ಯಾಕೆ ಯಾವಾಗಲೂ ಊರಿನ ಅಂಚಿನಲ್ಲೇ ಇರುತ್ತದೆ ಅಂತ ಕೇಳಿದರೆ, "ನಮ್ಮ ಊರು" ಅನ್ನುವಾಗಿನ ಆ "ನಮ್ಮ" ಯಾರು ಅಂತಲೂ ಕೇಳಬೇಕಾಗುತ್ತದೆ.

ಊರಿನ ಹೆಸರಿಗೂ ಇದೇ ಗತಿ. ಬದಿಯಡ್ಕ, ಕಾರಡ್ಕ, ಏತಡ್ಕ, ಉಕ್ಕಿನಡ್ಕ, ಬೇಡಡ್ಕ. ಅಡ್ಕ ಅಂದರೆ ಗುಡ್ಡದ ಮೇಲಿನ ಬಯಲು. ಹೆಸರು ಕೇಳಿದ ಕೂಡಲೇ ಅಲ್ಲಿ ಗದ್ದೆ ಸಿಗುವುದು ಕಷ್ಟ, ಮುರಕಲ್ಲು ಜಾಸ್ತಿ ಅಂತ ಹಳಬರಿಗೆ ಗೊತ್ತಾಗುತ್ತಿತ್ತು. ಕಾರಡ್ಕಕ್ಕೆ ಕಾಡಗಂ ಅಂತಲೂ ಬೇಡಡ್ಕಕ್ಕೆ ಬೇಡಗಂ ಅಂತಲೂ ಮಲಯಾಳದಲ್ಲಿ ಹೇಳುವುದಿದೆ. 2021ರ ಜೂನಿನಲ್ಲಿ ಇಂಥ ಹೆಸರುಗಳನ್ನೆಲ್ಲ ಸರಕಾರವೇ ಮಲಯಾಳಕ್ಕೆ ಬದಲಾಯಿಸುತ್ತದೆ ಅಂತ ಸುದ್ದಿ ಹಬ್ಬಿ ಕರ್ನಾಟಕದಲ್ಲಿ ಗಲಾಟೆಯಾಯಿತು. ಅಂಥ ತೀರ್ಮಾನವೇ ಇಲ್ಲ ಅಂತ ಕೇರಳದ ಮುಖ್ಯಮಂತ್ರಿ ಹೇಳಿದರು. ಅಲ್ಲಿಗೆ ಅದು ತಣ್ಣಗಾಯಿತು. ಊರಲ್ಲಿ ಜನ ಎರಡು ಹೆಸರನ್ನೂ ಬಳಸುತ್ತಾ ಬಂದಿದ್ದಾರೆ, ಎದುರಿಗಿರುವವರು ಯಾರು ಅಂತ ನೋಡಿಕೊಂಡು. ಅದರಲ್ಲಿ ಜಗಳವಿಲ್ಲ. ಬೋರ್ಡಿನಲ್ಲಿ, ರೇಷನ್ ಕಾರ್ಡಿನಲ್ಲಿ, ಆಧಾರಪತ್ರದಲ್ಲಿ ಯಾವುದು ಬರುತ್ತದೆ ಅನ್ನುವುದು ಬೇರೆ ಪ್ರಶ್ನೆ. ಅಲ್ಲಿ ಒಂದಕ್ಕೇ ಜಾಗ.

ಗೆರೆ ಎಳೆಯುವ ಲೆಕ್ಕ

1956ರ ನವೆಂಬರ್ 1ರವರೆಗೆ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲ್ಲೂಕು. ಆವತ್ತು ಅದು ಕೇರಳಕ್ಕೆ ಸೇರಿತು. 1984ರಲ್ಲಿ ಬೇರೆ ಜಿಲ್ಲೆಯಾಯಿತು. ಈ ಕತೆಯನ್ನು ಕನ್ನಡದಲ್ಲಿ ಅನ್ಯಾಯ ಅಂತಲೂ ಮಲಯಾಳದಲ್ಲಿ ಸಹಜ ಅಂತಲೂ ಬರೆಯುತ್ತಾರೆ. ಭೂಗೋಳದ ಪಾಠಕ್ಕೆ ಬೇಕಾದ ಸಂಗತಿ ಈ ಎರಡರ ಮಧ್ಯೆ ಇದೆ.

ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ವರದಿ ಕೊಡುವಾಗ ಇಡೀ ತಾಲ್ಲೂಕನ್ನು ಒಂದು ಘಟಕ ಅಂತ ಹಿಡಿಯಿತು. ಆಗ ತೆಂಕಣ ಹೊಸದುರ್ಗದ ಕಡೆಯೂ ಅದರೊಳಗೇ ಇತ್ತು. ಒಟ್ಟು ಲೆಕ್ಕ ಹಾಕಿದರೆ ಮಲಯಾಳ ಮಾತಾಡುವವರು ಜಾಸ್ತಿ. ತಾಲ್ಲೂಕು ಕೇರಳಕ್ಕೆ. ಹತ್ತು ವರ್ಷ ಕಳೆದು, 1966ರಲ್ಲಿ, ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನರ ಆಯೋಗ ಬಂತು. ಅವರು ತಾಲ್ಲೂಕು ಅನ್ನುವ ಘಟಕವನ್ನು ಬಿಟ್ಟು ಹೊಳೆಯನ್ನು ಹಿಡಿದರು. ಕೊಡಗಿನ ಬೆಟ್ಟದಲ್ಲಿ ಹುಟ್ಟಿ ಸುಳ್ಯ ದಾಟಿ ಬರುವ ಪಯಸ್ವಿನಿ ಇಲ್ಲಿ ಚಂದ್ರಗಿರಿಯಾಗಿ ಸಮುದ್ರ ಸೇರುತ್ತದೆ. ಆ ಹೊಳೆಯ ಬಡಗು ದಡ ಆಗಿನ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಲಿ ಅಂತ 1967ರಲ್ಲಿ ಶಿಫಾರಸು ಮಾಡಿದರು. ಕೇರಳ ಒಪ್ಪಲಿಲ್ಲ. ಬೆಳಗಾವಿಯ ವಿಷಯದಲ್ಲಿ ಮಹಾರಾಷ್ಟ್ರವೂ ಅದೇ ವರದಿಯನ್ನು ಒಪ್ಪಲಿಲ್ಲ. ವರದಿ ಹಾಗೇ ಉಳಿಯಿತು. ವಿಲೀನಕ್ಕಾಗಿ ಜೀವನವಿಡೀ ಹೋರಾಡಿದ ಕಯ್ಯಾರರು ನೂರು ವರ್ಷ ಬದುಕಿ 2015ರಲ್ಲಿ ತೀರಿಕೊಂಡರು.

ಜನ ಅದೇ, ಮಾತು ಅದೇ, ಘಟಕ ಬದಲಾದ ಕೂಡಲೇ ಉತ್ತರ ಬದಲಾಯಿತು. ಇದು ಕಾಸರಗೋಡಿನ ವಿಶೇಷವಲ್ಲ. ಎಷ್ಟು ದೊಡ್ಡ ತುಂಡು ಮಾಡಿ ಎಣಿಸುತ್ತೀರಿ ಅನ್ನುವುದರ ಮೇಲೆ ಬಹುಮತ ಯಾರದ್ದು ಅನ್ನುವುದು ನಿಂತಿದೆ ಅಂತ ಭೂಗೋಳದವರೂ ಸಂಖ್ಯಾಶಾಸ್ತ್ರದವರೂ ಯಾವಾಗಲೂ ಎಚ್ಚರಿಸುತ್ತಾರೆ. ಚುನಾವಣಾ ಕ್ಷೇತ್ರ ವಿಂಗಡಿಸುವಾಗ ಜಗಳವಾಗುವುದೂ ಇದಕ್ಕೇ. ಇನ್ನೊಂದು ತೊಡಕು ಎಣಿಕೆಯದ್ದು. ಜನಗಣತಿಯವರು ಒಬ್ಬನಿಗೆ ಒಂದೇ ಮಾತೃಭಾಷೆ ಬರೆಯುತ್ತಾರೆ. ಇಲ್ಲಿ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುವವನು ಮಾಮೂಲಿ ಮನುಷ್ಯ. ಕೊಂಕಣಿ, ಬ್ಯಾರಿ, ಮರಾಠಿ ಆಡುವವರದ್ದೂ ಅದೇ ಕತೆ. ಅವನ ಬಾಯಿಯಲ್ಲಿ ಮೂರು, ಮಾತೃಭಾಷೆಯ ಖಾನೆಯಲ್ಲಿ ಒಂದು.

ಹೊಳೆ ಅಂದ ಮೇಲೆ ಇನ್ನೊಂದು ಮಾತು. ಬ್ರಿಟಿಷರ ಕಾಲದ ಗೆಜೆಟಿಯರಿನಲ್ಲಿ ಚಂದ್ರಗಿರಿಯನ್ನು ತುಳು ದೇಶಕ್ಕೂ ಮಲಯಾಳ ದೇಶಕ್ಕೂ ಗಡಿ ಅಂತ ಬರೆದಿದ್ದಾರೆ. ನಾಯರ್ ಹೆಂಗಸರು ಆ ಹೊಳೆ ದಾಟಬಾರದು ಅಂತ ಕಟ್ಟಳೆಯೂ ಇತ್ತಂತೆ. ಆದರೆ ಹೊಳೆಯ ಈಚೆ ಭೂತಕೋಲ, ಆಚೆ ತೆಯ್ಯಂ ಅಂತ ಗೆರೆ ಕೊಯ್ದ ಹಾಗೆ ಏನೂ ಇಲ್ಲ. ಎರಡೂ ಕಡೆ ಎರಡೂ ಇದೆ. ಮಂಜೇಶ್ವರದ ಉದ್ಯಾವರದಲ್ಲಿ ಅರಸು ಮಂಜಿಷ್ಣಾರ್ ದೈವಗಳ ಜಾತ್ರೆಗೆ ಮೊದಲು ಪಾತ್ರಿಗಳು ಊರಿನ ಮಸೀದಿಗೆ ಹೋಗಿ ಜಮಾತಿನವರನ್ನು ಕರೆದು ಬರುವುದು ರೂಢಿ. ಈ ಊರನ್ನು ಯಾವ ಖಾನೆಯಲ್ಲಿ ಬರೆಯುವುದು?

ಡೋರೀನ್ ಮ್ಯಾಸಿ ಅನ್ನುವ ಇಂಗ್ಲಿಷ್ ಭೂಗೋಳ ಪಂಡಿತೆ 1991ರಲ್ಲಿ ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು. ಖಾನೆಯನ್ನೇ ಬಿಟ್ಟುಬಿಡಿ ಅಂದರು ಅವರು. ಊರಿಗೆ ಒಳಗು ಹೊರಗು ಅಂತ ಬೇಲಿ ಹಾಕಿ, ಬೇಲಿಯೊಳಗೆ ಒಂದೇ ಗುಣ, ಒಂದೇ ಚರಿತ್ರೆ ಹುಡುಕುವುದರಿಂದಲೇ ಎಡವಟ್ಟು. ಊರು ಅಂದರೆ ಬೇರೆ ಬೇರೆ ಕಡೆಯಿಂದ ಬಂದ ದಾರಿಗಳು ಸೇರುವ ಜಂಕ್ಷನ್. ಆ ದಾರಿಗಳು ಹೇಗೆ ಸೇರಿದವು ಅನ್ನುವುದೇ ಆ ಊರಿನ ವಿಶೇಷ. ಅವರು ಉದಾಹರಣೆ ಕೊಟ್ಟದ್ದು ತಾವಿದ್ದ ಕಡೆಯ ಕಿಲ್ಬರ್ನ್ ಅನ್ನುವ ಲಂಡನ್ನಿನ ಬೀದಿಯನ್ನು. ಐರಿಷ್ ಜನ, ಭಾರತದ ಸೀರೆ ಅಂಗಡಿ, ತಲೆಮೇಲೆ ಹಾರುವ ವಿಮಾನ ಎಲ್ಲ ಅದರಲ್ಲಿ ಬರುತ್ತವೆ.

ಮಂಗಳೂರಿನಿಂದ ಕಾಸರಗೋಡಿಗೆ ಹೊರಟ ಬಸ್ಸು ಹತ್ತಿದ್ದರೆ ಮ್ಯಾಸಿಯವರಿಗೆ ಇದನ್ನು ಬರೆಯಲು ಕಷ್ಟವೇ ಆಗುತ್ತಿರಲಿಲ್ಲ. ಈ ದಾರಿಯಲ್ಲಿ ಕರ್ನಾಟಕದ್ದೂ ಓಡುತ್ತದೆ, ಕೇರಳದ್ದೂ ಓಡುತ್ತದೆ. ಕಂಡಕ್ಟರ್ ಒಬ್ಬರ ಹತ್ತಿರ "ಎಲ್ಲಿಗೆ?" ಅನ್ನುತ್ತಾನೆ, ಮುಂದಿನ ಸೀಟಿನ ಅಜ್ಜಿಯ ಹತ್ತಿರ "ಓಡೆಗ್ ಅಜ್ಜಿ?" ಅನ್ನುತ್ತಾನೆ, ಅದರ ಮುಂದಿನವರ ಹತ್ತಿರ "ಎವಿಡೇಕ್ಕಾ?" ಅನ್ನುತ್ತಾನೆ. ಮುಖ ನೋಡಿಯೇ ಭಾಷೆ ಆರಿಸುವುದು. ತಪ್ಪುವುದು ಅಪರೂಪ, ತಪ್ಪಿದರೂ ಯಾರಿಗೂ ಬೇಜಾರಿಲ್ಲ. ಅಜ್ಜಿಯ ಕೈಯಲ್ಲಿ ಮಂಗಳೂರಿನ ಆಸ್ಪತ್ರೆಯ ಸ್ಕ್ಯಾನಿಂಗ್ ಕವರು. ಕಿಟಕಿ ಪಕ್ಕದ ಹುಡುಗನಿಗೆ ಮಂಗಳೂರಲ್ಲಿ ಕಾಲೇಜು. ಹಿಂದಿನ ಸೀಟಿನ ದೊಡ್ಡ ಸೂಟ್‌ಕೇಸು ವಿಮಾನ ಇಳಿದು ಬಂದದ್ದು. ಉಪ್ಪಳ, ಕುಂಬಳೆ, ಮೊಗ್ರಾಲ್ ದಾಟಿ ಪೇಟೆ ಮುಟ್ಟುವಾಗ ಮಂಗಳೂರು, ಗಲ್ಫ್, ತಿರುವನಂತಪುರ, ಬೆಂಗಳೂರು ಎಲ್ಲದರ ಹಣ, ಕಾಗದ, ಮಾತು ಆ ಬಸ್ಸಿನಲ್ಲಿ ಇರುತ್ತದೆ. ಇವನ್ನೆಲ್ಲ ತೆಗೆದು ಹಾಕಿ ಅಪ್ಪಟ ಕಾಸರಗೋಡು ಯಾವುದು ಅಂತ ಹುಡುಕಿದರೆ ಏನೂ ಉಳಿಯುವುದಿಲ್ಲ.

ತಲಪಾಡಿಯ ಮಣ್ಣಿನ ರಾಶಿ

ದಾರಿಗಳು ಸೇರುವ ಜಾಗ ಅನ್ನುವ ಮಾತು ಕೇಳಲು ಚೆಂದ. ಆದರೆ ದಾರಿ ಯಾರ ಕೈಯಲ್ಲಿದೆ? ಇದನ್ನೂ ಮ್ಯಾಸಿಯವರೇ ಕೇಳಿದ್ದರು. ಕೆಲವರು ಬೇಕಾದ ಹಾಗೆ ಓಡಾಡುತ್ತಾರೆ, ಕೆಲವರು ಓಡಾಡಲೇಬೇಕಾಗಿ ಓಡಾಡುತ್ತಾರೆ, ಕೆಲವರು ಬೇರೆಯವರ ಓಡಾಟವನ್ನು ತಡೆಯಬಲ್ಲರು. ಇದನ್ನು ಮರೆತು ಊರಿನ ಬಗ್ಗೆ ಮಾತಾಡಿದರೆ ಅರ್ಧ ಮಾತ್ರ ಹೇಳಿದ ಹಾಗೆ.

2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಹೆದರಿಕೆಯಿಂದ ಕರ್ನಾಟಕ ಗಡಿ ಮುಚ್ಚಿತು. ಒಳದಾರಿಗಳಿಗೆ ಲಾರಿಯಲ್ಲಿ ಮಣ್ಣು ತಂದು ಸುರಿದರು. ತಲಪಾಡಿಯಲ್ಲಿ ಆಂಬುಲೆನ್ಸುಗಳೂ ನಿಂತವು. ಮಂಜೇಶ್ವರದವರಿಗೆ, ಕುಂಬಳೆಯವರಿಗೆ ಆಸ್ಪತ್ರೆ ಅಂದರೆ ತಲೆತಲಾಂತರದಿಂದ ಮಂಗಳೂರು. ಡಯಾಲಿಸಿಸ್, ಹೆರಿಗೆ, ಹಾರ್ಟ್ ಯಾವುದಕ್ಕೂ ಕೈ ತೋರಿಸುವುದು ಬಡಗು ದಿಕ್ಕಿಗೆ. ರಾಜ್ಯ ಕೇರಳವಾದರೂ ಈ ಏರ್ಪಾಡು 1956ರಲ್ಲಿ ಬದಲಾಗಿರಲಿಲ್ಲ, ಯಾರೂ ಬದಲಾಯಿಸಲೂ ಹೋಗಿರಲಿಲ್ಲ. ಗಡಿ ಒಂದು ಬೋರ್ಡು ಮತ್ತು ಚೆಕ್‌ಪೋಸ್ಟ್ ಆಗಿ ಇದ್ದಷ್ಟು ದಿನ ಯಾರಿಗೂ ತೊಂದರೆ ಕಾಣಲಿಲ್ಲ. ಅದು ಮುಚ್ಚಿದ ಆ ದಿನಗಳಲ್ಲಿ ಸಕಾಲಕ್ಕೆ ಚಿಕಿತ್ಸೆ ಸಿಗದೆ ಕೆಲವರು ಸತ್ತರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ತೆರೆಯಲು ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಕೊನೆಗೆ ಕೊರೊನಾ ಇಲ್ಲದ ರೋಗಿಗಳನ್ನು ಬಿಡುವ ಒಪ್ಪಂದವಾಯಿತು.

2013ರಲ್ಲಿ ಶಂಕುಸ್ಥಾಪನೆಯಾಗಿ ಕುಂಟುತ್ತಿದ್ದ ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಕಟ್ಟಡ ಅದೇ ಏಪ್ರಿಲಿನಲ್ಲಿ ಕೊರೊನಾ ಆಸ್ಪತ್ರೆಯಾಗಿ ಬಾಗಿಲು ತೆರೆಯಿತು. ಆವರೆಗೆ ಜಿಲ್ಲೆಗೆ ಮೆಡಿಕಲ್ ಕಾಲೇಜು ಆಸ್ಪತ್ರೆ ಇರಲಿಲ್ಲ ಅನ್ನುವುದು ತಿರುವನಂತಪುರಕ್ಕೆ ಗೊತ್ತಿಲ್ಲದ್ದೇನಲ್ಲ. ಮಂಗಳೂರು ಇದೆಯಲ್ಲ ಅನ್ನುವ ಧೈರ್ಯ. ಬೆಂಗಳೂರಿಗೋ, ಕಾಸರಗೋಡು ನಮ್ಮದು ಅನ್ನುವ ಭಾಷಣ ಬೇರೆ, ಗಡಿಯಲ್ಲಿ ನಿಂತ ಆಂಬುಲೆನ್ಸ್ ಬೇರೆ. ಎರಡೂ ಕಡೆಯವರು ಕಾಸರಗೋಡನ್ನು ನೆಲ ಅಂತ ಲೆಕ್ಕ ಹಾಕಿದರೇ ಹೊರತು ಅಲ್ಲಿನ ಓಡಾಟವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನನಗೆ ಈ ವಿಷಯದಲ್ಲಿ ಇಬ್ಬರ ಮೇಲೂ ಸಿಟ್ಟಿದೆ.

ಸ್ವರ್ಗ ಅನ್ನುವ ಊರು

ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಸ್ವರ್ಗ ಅಂತ ಒಂದು ಊರಿದೆ. ಕಟ್ಟುಕತೆ ಅಲ್ಲ, ಬಸ್ಸಿನ ಬೋರ್ಡಿನಲ್ಲೇ ಇರುವ ಹೆಸರು. ಸುತ್ತಲಿನ ಗುಡ್ಡದ ಮೇಲೆ ಸರಕಾರಿ ಗೇರು ತೋಟ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ಹೂವಿನ ಕೀಟಕ್ಕೆ ಅಂತ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗುಡ್ಡದ ತಲೆಯ ಮೇಲೆ ಬಿದ್ದ ವಿಷ ಎಲ್ಲಿಗೆ ಹೋಗುತ್ತದೆ? ತೋಡಿಗೆ, ಕೆರೆಗೆ, ಸುರಂಗದ ನೀರಿಗೆ. ಯಾವ ಮುರಕಲ್ಲಿನ ಸಂದಿನಿಂದ ನೀರು ಒಸರುತ್ತದೆ ಅಂತ ಇಲ್ಲಿ ಮನೆ ಕಟ್ಟಿದರೋ ಅದೇ ಗುಡ್ಡದ ಕೆಳಗೆ ಜನ ಇದ್ದರು. ಮಕ್ಕಳು ಅಂಗವೈಕಲ್ಯದಿಂದ ಹುಟ್ಟುತ್ತಿರುವುದನ್ನು ಅಲ್ಲಿನ ವೈದ್ಯ ವೈ.ಎಸ್. ಮೋಹನ ಕುಮಾರ್ ಗುರುತಿಸಿದರು, ಶ್ರೀ ಪಡ್ರೆ ಬರೆದರು. 2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ದೇಶದಲ್ಲೇ ನಿಷೇಧಿಸಿತು. 2017ರ ಜನವರಿಯಲ್ಲಿ ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಲು ಕೇರಳಕ್ಕೆ ಹೇಳಿತು.

ಆಗ್ನ್ಯೂ ಹೇಳಿದ ಮೂರೂ ಸಂಗತಿ ಇಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ. ಗುಡ್ಡದ ಬುಡದಲ್ಲಿ ಇರುವುದು, ಸುರಂಗದ ನೀರು ಕುಡಿಯುವುದು, ಆಮೇಲೆ ಆ ಹೆಸರು. ಹೊರಗಿನವರಿಗೆ ಪಡ್ರೆ, ಸ್ವರ್ಗ ಅಂದರೆ ಈಗ ಒಂದು ರೋಗದ ಫೋಟೋ. ಆ ಕಡೆಯ ಹೆಣ್ಣುಮಕ್ಕಳಿಗೆ ಸಂಬಂಧ ಕೂಡಿಬರುವುದೇ ಕಷ್ಟವಾಗಿತ್ತು. ಊರಿಗೆ ಅಂಟಿದ ಹೆಸರು ಊರಲ್ಲಿ ಇರುವ ಎಲ್ಲರಿಗೂ ಅಂಟುತ್ತದೆ, ರೋಗ ಇದ್ದವರಿಗೂ ಇಲ್ಲದವರಿಗೂ. ಆದರೆ ಅಲ್ಲಿನವರು ಊರು ಬಿಟ್ಟು ಹೋಗಲಿಲ್ಲ. ಅಡಿಕೆ ಇದೆ, ದೈವ ಇದೆ, ಹಿರಿಯರ ಮನೆ ಇದೆ. ಬೇಸಗೆ ಬಂದಾಗ ತೋಡಿಗೆ ಅಡ್ಡ ಕಟ್ಟ ಹಾಕಿ ನೀರು ನಿಲ್ಲಿಸುವ ಕೆಲಸ ಈಗಲೂ ಆ ಕಡೆ ನಡೆಯುತ್ತದೆ. ವರದಿಗೆ ಬರುವವರು ಕಟ್ಟ ನೋಡುವುದು ಕಡಿಮೆ.

ಆರು ಲೇನಿನ ಆಚೆ ಮನೆ

ಇನ್ನು ಕಡೆಯ ಒಂದು ಮಾತು, ಊರಿಲ್ಲದ ಜಾಗಗಳ ಬಗ್ಗೆ. ವಿಮಾನ ನಿಲ್ದಾಣ, ಹೈವೇ, ಸೂಪರ್ ಮಾರ್ಕೆಟ್ ಇವೆಲ್ಲ ಎಲ್ಲಿ ಹೋದರೂ ಒಂದೇ ಥರ, ಅಲ್ಲಿ ಯಾರಿಗೂ ಯಾರ ಪರಿಚಯವೂ ಬೇಕಾಗಿಲ್ಲ ಅಂತ ಫ್ರಾನ್ಸಿನ ಮಾರ್ಕ್ ಓಜೆ 1992ರಲ್ಲಿ ಬರೆದರು. ರೆಲ್ಫ್ ಕೂಡ ಹೆಚ್ಚುಕಡಿಮೆ ಇದನ್ನೇ ಮೊದಲೇ ಹೇಳಿದ್ದರು. ನಮ್ಮ ಹೆದ್ದಾರಿ 66 ಈಗ ಅಂಥದ್ದೇ. ತಲಪಾಡಿಯಿಂದ ಚೆಂಗಳದವರೆಗೆ ಆರು ಲೇನ್, ಎರಡೂ ಪಕ್ಕ ಸರ್ವಿಸ್ ರಸ್ತೆ, ನಡುವೆ ಗೋಡೆ. ನೆರಳಿನ ಮರಗಳು ಹೋದವು, ರಸ್ತೆಗೆ ಮುಖ ಮಾಡಿದ್ದ ಹಳೆಯ ಅಂಗಡಿಗಳು ಹೋದವು. ಕಾಸರಗೋಡು ಪೇಟೆಯ ಮೇಲೆ ಫ್ಲೈಓವರ್ ಬಂತು. ಕಾರಿನಲ್ಲಿ ಹೋಗುವವನಿಗೆ ಒಳ್ಳೆಯದೇ ಆಯಿತು, ಸುಳ್ಳು ಹೇಳಬಾರದು.

ಆದರೆ ಓಜೆಯವರ ಮಾತನ್ನು ಪೂರ್ತಿ ಒಪ್ಪಲು ಆಗುವುದಿಲ್ಲ. ಹೈವೇ ಪಕ್ಕದ ಗೂಡಂಗಡಿಯವನಿಗೆ, ಸರ್ವಿಸ್ ರಸ್ತೆಯಲ್ಲಿ ರಿಕ್ಷಾ ನಿಲ್ಲಿಸಿಕೊಂಡವನಿಗೆ ಅದು ಊರೇ. ತೊಂದರೆ ಇರುವುದು ಬೇರೆ ಕಡೆ. ರಸ್ತೆಗೆ ಬಿಟ್ಟ ಜಾಗ 45 ಮೀಟರ್ ಅಗಲ. ಎದುರು ಬದಿಯ ಮನೆ ಮ್ಯಾಪಿನಲ್ಲಿ ಆಗಲೂ 45 ಮೀಟರ್ ದೂರ, ಈಗಲೂ ಅಷ್ಟೇ. ನಡೆದು ಹೋಗುವವನಿಗೆ ಅಂಡರ್‌ಪಾಸ್ ಇರುವಲ್ಲಿಗೆ ಹೋಗಿ, ದಾಟಿ, ಅಷ್ಟೇ ದೂರ ವಾಪಸು ಬರಬೇಕು. ಸಂಜೆ ಒಂದು ಲೋಟ ಮಜ್ಜಿಗೆಗೆ ಹೋಗಿ ಬರುತ್ತಿದ್ದ ಮನೆಗೆ ಈಗ ಮದುವೆ, ಸಾವು ಇದ್ದರೆ ಮಾತ್ರ ಹೋಗುವುದು. ಎರಡು ಚುಕ್ಕೆ, ನಡುವೆ ಒಂದು ದೂರ ಅನ್ನುವ 60ರ ದಶಕದ ಸೂತ್ರಕ್ಕೆ ಇದು ಗೊತ್ತೇ ಆಗುವುದಿಲ್ಲ.

ಹೆದ್ದಾರಿ ಬದಿಯ ಊರೂರಲ್ಲಿ ಜನ ಅಂಡರ್‌ಪಾಸ್ ಕೊಡಿ, ಕಾಲುಸೇತುವೆ ಕೊಡಿ ಅಂತ ಅರ್ಜಿ ಹಾಕುತ್ತಿದ್ದಾರೆ. ಅರ್ಜಿಯಲ್ಲಿ ಅಕ್ಷಾಂಶ ರೇಖಾಂಶ ಇರುವುದಿಲ್ಲ. ಶಾಲೆ ಆ ಕಡೆ, ಮಸೀದಿ ಈ ಕಡೆ, ದೈವಸ್ಥಾನ ಆ ಕಡೆ, ರೇಷನ್ ಅಂಗಡಿ ಈ ಕಡೆ ಅಂತ ಬರೆದಿರುತ್ತಾರೆ. ಕೆಲವು ಕನ್ನಡದಲ್ಲಿ, ಕೆಲವು ಮಲಯಾಳದಲ್ಲಿ.